ಅಪ್‌ಡೇಟ್ ಆದ ಮೇಲೆ ಆಪ್‌ನ ನೋಟ ಬದಲಾದರೆ ಅದು ನಕಲಿಯೇ?

ಅಪ್‌ಡೇಟ್ ಆದ ಮರುದಿನ ಆಪ್ ತೆರೆದರೆ ಬಟನ್‌ಗಳ ಜಾಗ, ಅಕ್ಷರದ ಗಾತ್ರ, ಬಣ್ಣ ಎಲ್ಲವೂ ಬೇರೆ. ಅದೇ ಹೊತ್ತಿಗೆ ‘ಇದು ನಕಲಿ, ಹಳೆಯ ಆಪ್‌ಗೆ ಈ ಲಿಂಕ್ ಒತ್ತಿ’ ಎಂಬ ಫಾರ್ವರ್ಡ್ ಬಂದರೆ? ನಂಬುವ ಮೊದಲು, ನೋಟ ಏಕೆ ಬದಲಾಗುತ್ತದೆ ಎಂಬುದನ್ನು ನೋಡೋಣ.

ಹಿಂದೆ ಏನಿತ್ತು?

ಆಪ್‌ನ ಪರದೆಯನ್ನು ಕಟ್ಟುವ ಸಲಕರಣೆಗಳ ಗುಂಪಿಗೆ ಯುಐ ಟೂಲ್‌ಕಿಟ್ ಎನ್ನುತ್ತಾರೆ. ಆಂಡ್ರಾಯ್ಡ್‌ನಲ್ಲಿ ಆರಂಭದಿಂದಲೂ ಇದ್ದದ್ದು ‘ವ್ಯೂ’ ಪದ್ಧತಿ. ಇದರಲ್ಲಿ ಸಾಮಾನ್ಯವಾಗಿ ಪರದೆಯ ವಿನ್ಯಾಸ ಒಂದು ಕಡತದಲ್ಲಿ, ಅದನ್ನು ಬದಲಿಸುವ ಕೋಡ್ ಇನ್ನೊಂದರಲ್ಲಿ. ಖಾತೆಯ ಮೊತ್ತ ಬದಲಾದರೆ ಅದು ಕಾಣುವ ಪ್ರತಿ ಜಾಗವನ್ನೂ ಪ್ರೋಗ್ರಾಮರ್ ನೆನಪಿಟ್ಟು ತಿದ್ದಬೇಕಿತ್ತು. ಒಂದು ಮರೆತರೂ ಹಳೆಯ ಮೊತ್ತವೇ ಉಳಿಯುತ್ತಿತ್ತು.

ಹೊಸದೇನು?

ಗೂಗಲ್ 2019ರಲ್ಲಿ ‘ಜೆಟ್‌ಪ್ಯಾಕ್ ಕಂಪೋಸ್’ ಘೋಷಿಸಿತು, ಅದರ 1.0 ಆವೃತ್ತಿ 2021ರ ಜುಲೈನಲ್ಲಿ ಬಂತು. ಆಪಲ್ ಕೂಡ 2019ರಲ್ಲೇ ‘ಸ್ವಿಫ್ಟ್‌ಯುಐ’ ತಂದಿತು. ಇವುಗಳಲ್ಲಿ ‘ಮಾಹಿತಿ ಹೀಗಿದ್ದರೆ ಪರದೆ ಹೀಗಿರಲಿ’ ಎಂದು ಬರೆದರೆ ಸಾಕು. ಮಾಹಿತಿ ಬದಲಾದಾಗ ಸಂಬಂಧಪಟ್ಟ ಭಾಗವನ್ನು ಟೂಲ್‌ಕಿಟ್ಟೇ ಮತ್ತೆ ಬಿಡಿಸುತ್ತದೆ.

ಟೂಲ್‌ಕಿಟ್ ಬದಲಾದ ಮಾತ್ರಕ್ಕೆ ನೋಟ ಬದಲಾಗಲೇಬೇಕೆಂದಿಲ್ಲ. ಆದರೆ ಹೇಗೂ ಪರದೆಯನ್ನು ಮತ್ತೆ ಕಟ್ಟುವಾಗ ವಿನ್ಯಾಸವನ್ನೂ ಹೊಸದು ಮಾಡುವುದುಂಟು. ಒಂದೇ ಆಪ್‌ನಲ್ಲಿ ಎರಡೂ ಪದ್ಧತಿ ಜೊತೆಗಿರಬಹುದು. ಹಾಗಾಗಿ ಕೆಲಕಾಲ ಒಂದು ಪರದೆ ಹಳೆಯದರಂತೆ, ಇನ್ನೊಂದು ಹೊಸದರಂತೆ ಕಂಡರೆ ಅದು ವಂಚನೆಯ ಗುರುತಲ್ಲ.

ನಿಜವಾದ ತೊಂದರೆ ಇಲ್ಲವೇ?

ಇದೆ. ಬಟನ್‌ಗಳಿಗೆ ಕೊಟ್ಟ ವಿವರಣೆ ಈ ಬದಲಾವಣೆಯಲ್ಲಿ ಬಿಟ್ಟುಹೋದರೆ, ಟಾಕ್‌ಬ್ಯಾಕ್‌ನಿಂದ ಪರದೆಯನ್ನು ಕೇಳಿಸಿಕೊಳ್ಳುವ ದೃಷ್ಟಿದೋಷವುಳ್ಳವರಿಗೆ ಆ ಬಟನ್ ಯಾವುದೆಂದೇ ತಿಳಿಯದು. ಇಂಥದ್ದನ್ನು ಪ್ಲೇ ಸ್ಟೋರ್‌ನಲ್ಲಿ ರಿವ್ಯೂ ಬರೆದು ತಯಾರಕರಿಗೆ ತಿಳಿಸಿ.

ಹಳೆಯ ಆಪ್‌ನ ಲಿಂಕ್ ಏಕೆ ಅಪಾಯ?

ಪ್ರತಿ ಆಂಡ್ರಾಯ್ಡ್ ಆಪ್‌ಗೂ ತಯಾರಕರ ಡಿಜಿಟಲ್ ಸಹಿ ಇರುತ್ತದೆ. ಸಹಿ ಹೊಂದದ ಆಪ್ ಅಸಲಿಯ ಮೇಲೆ ಇನ್‌ಸ್ಟಾಲ್ ಆಗದಂತೆ ಫೋನೇ ತಡೆಯುತ್ತದೆ. ‘ಮೊದಲು ಈಗಿನ ಆಪ್ ಅನ್‌ಇನ್‌ಸ್ಟಾಲ್ ಮಾಡಿ’ ಎಂಬ ಸೂಚನೆ ಪಾಲಿಸಿದರೆ ಆ ಕಾವಲನ್ನು ನಾವೇ ತೆಗೆದಂತೆ. ನಕಲಿ ಆಪ್‌ಗೆ ಎಸ್‌ಎಂಎಸ್ ಅನುಮತಿ ಕೊಟ್ಟರೆ ಒಟಿಪಿಯೂ ಅವರ ಪಾಲು. ಲಿಂಕ್ ಅಸಲಿ ಹಳೆಯ ಆವೃತ್ತಿಯದೇ ಆಗಿದ್ದರೂ, ನಂತರ ಮುಚ್ಚಿದ ಭದ್ರತಾ ಲೋಪಗಳು ಅದರಲ್ಲಿ ಹಾಗೆಯೇ ಇರುತ್ತವೆ.

ನೋಟವನ್ನು ಯಾರು ಬೇಕಾದರೂ ನಕಲು ಮಾಡಬಹುದು, ಸಹಿಯನ್ನಲ್ಲ. ಅನುಮಾನ ಬಂದರೆ ಪ್ಲೇ ಸ್ಟೋರ್ ತೆರೆದು ತಯಾರಕರ ಹೆಸರು ನೋಡಿ, ಅಪ್‌ಡೇಟ್ ಅಲ್ಲಿಂದಲೇ ಮಾಡಿ. ಲಿಂಕ್ ಇರುವ ಫಾರ್ವರ್ಡನ್ನು ಮುಂದೆ ಕಳಿಸಬೇಡಿ.