ಹಿಂದೆ ನಿಂತು ಕಾಯುವವರು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಶಾಲೆಗಳಲ್ಲಿ ಮಳೆಗಾಲ ಹಿಂದೆಗೆದು ಬಯಲು ಒಣಗುತ್ತಲೇ ಮಕ್ಕಳಿಗೆ ಚೆಂಡಿನ ನೆನಪಾಗುವುದು. ಉಪಾಧ್ಯಾಯರು ತಂಡ ಕಟ್ಟುವಾಗ ಚುರುಕುಗಾಲಿನ ಹುಡುಗರನ್ನು ಮುಂದಕ್ಕೆ ಕರೆದು, ಉಳಿದವರಲ್ಲೊಬ್ಬನಿಗೆ "ನೀನು ಹಿಂದೆ ನಿಲ್ಲು" ಎನ್ನುವರು. ಆ ಹುಡುಗನು ಸಂಜೆ ಮನೆಗೆ ಬಂದು ಪುಸ್ತಕದ ಚೀಲವನ್ನು ಜಗಲಿಯ ಮೇಲೆ ಒಗೆದು, "ಅಮ್ಮಾ, ನನ್ನನ್ನು ಹಿಂದೆ ನಿಲ್ಲಿಸಿಬಿಟ್ಟರು" ಎಂದು ಮೋರೆ ಸಣ್ಣದು ಮಾಡಿಕೊಳ್ಳುವನು. "ಆಟ ತಾನೆ, ಹೋಗಲಿ ಬಿಡು ಮಗಾ" ಎಂದು ತಾಯಿ ಸಮಾಧಾನ ಹೇಳುವಳು. ಆದರೆ ಆ ಸಮಾಧಾನದಲ್ಲಿಯೂ ಹಿಂದೆ ನಿಲ್ಲುವುದೆಂದರೆ ಕಡಮೆಯೆಂಬ ಒಪ್ಪಿಗೆಯೇ ಅಡಗಿದೆ. ಈ ಒಪ್ಪಿಗೆ ಸರಿಯೆ? ಈ ತಿಂಗಳು ಗೃಹಸ್ಥರೊಡನೆ ಇದನ್ನೇ ಕುರಿತು ನಾಲ್ಕು ಮಾತನಾಡೋಣ.

ಕಾಯುವವರ ಬೆಲೆ ನಮ್ಮ ಸೀಮೆಗೆ ಹೊಸ ವಿಷಯವಲ್ಲ. ಕೆಳದಿಯ ಅರಸರು ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ರಾಜಧಾನಿಯನ್ನು ಸಾಗಿಸಿದರು. ಮೊದಲಿನ ಎರಡು ಊರುಗಳು ಸಾಗರದ ಮಗ್ಗುಲಲ್ಲಿವೆ. ಬಿದನೂರೆಂಬುದೇ ಹೊಸನಗರ ತಾಲ್ಲೂಕಿನ ಇಂದಿನ ನಗರ. ಇನ್ನು ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗವನ್ನು ಹತ್ತಿದವರು ಬಲ್ಲರು: ಒಂದು ಹೆಬ್ಬಾಗಿಲನ್ನು ದಾಟಿದರೆ ಒಳಗೊಂದು ಗೋಡೆ, ಅದನ್ನೂ ದಾಟಿದರೆ ಮತ್ತೊಂದು. ಒಂದೇ ಗೋಡೆಯನ್ನು ನಂಬಬಾರದೆಂದು ಅರಿತವರು ಕಟ್ಟಿದ ಕೋಟೆಯದು. ಕಾಲ್ಚೆಂಡಿನ ತಂಡದ ಏರ್ಪಾಡೂ ಹೀಗೆಯೇ. ಹನ್ನೊಂದು ಮಂದಿಯಲ್ಲಿ ಮುಂಚೂಣಿಯವರು ಹೊರಗಿನ ಸುತ್ತು, ನಡುವಿನವರು ಎರಡನೆಯ ಸುತ್ತು, ಹಿಂದಿನವರು ಮೂರನೆಯ ಸುತ್ತು. ಇವರೆಲ್ಲರನ್ನೂ ದಾಟಿ ಬಂದ ಚೆಂಡಿಗೆ ಗೋಲ್‌ಕೀಪರನೊಬ್ಬನೇ ಅಡ್ಡ. ಮೂರನೆಯ ಸುತ್ತಿನಲ್ಲಿ ನಿಲ್ಲುವವನನ್ನು ಇಂಗ್ಲಿಷಿನವರು ಡಿಫೆಂಡರ್ ಎನ್ನುವರು. ನಾವು ರಕ್ಷಕನೆಂದು ಕರೆಯೋಣ.

ರಕ್ಷಕನು ಸುಮ್ಮನೆ ನಿಂತು ಬಂದ ಚೆಂಡನ್ನು ದೂರ ಒದೆಯುವನೆಂದು ತಿಳಿಯುವವರುಂಟು. ಅವನ ಕೆಲಸದಲ್ಲಿ ಕಾಲಿಗಿಂತ ಕಣ್ಣಿನ ಪಾಲು ಹೆಚ್ಚು. ಆಫ್‌ಸೈಡ್ ಎಂಬ ನಿಯಮವನ್ನೇ ನೋಡಿರಿ. ಎದುರಾಳಿಯ ಅರ್ಧದಲ್ಲಿ ಚೆಂಡಿಗಿಂತ ಮುಂದೆ ನಿಂತಿರುವ ಆಟಗಾರನಿಗೆ ಅವನ ಜತೆಗಾರನು ಚೆಂಡನ್ನು ಕಳುಹಿಸುವ ಕ್ಷಣದಲ್ಲಿ, ಎದುರುಪಕ್ಷದ ಇಬ್ಬರಾದರೂ ಅವನ ಸಮಕ್ಕೆ ಅಥವಾ ಅವನಿಗೂ ಗೋಲಿನ ಗೆರೆಗೂ ನಡುವೆ ಇರಬೇಕು. ಇಲ್ಲದಿದ್ದರೆ ಅವನು ಆ ಚೆಂಡನ್ನು ಆಡುವಂತಿಲ್ಲ. ಆದುದರಿಂದ ರಕ್ಷಕರು ನಾಲ್ವರೂ ಒಂದೇ ಸಾಲಿನಲ್ಲಿ ಸರಿಯಾದ ಗಳಿಗೆಗೆ ಒಂದು ಹೆಜ್ಜೆ ಮುಂದಿಟ್ಟರೆ, ಎದುರಾಳಿಯ ಓಟವೆಲ್ಲ ವ್ಯರ್ಥವಾಗುವುದು. ಒಬ್ಬನು ಅರೆಗಳಿಗೆ ಮೈಮರೆತರೆ ಸಾಲೆಲ್ಲ ಒಡೆಯುವುದು. 1925ರವರೆಗೆ ಈ ನಿಯಮದಲ್ಲಿ ಮೂವರಿರಬೇಕೆಂದಿತ್ತು. ಆ ವರ್ಷ ಅದನ್ನು ಇಬ್ಬರಿಗೆ ಇಳಿಸಿದರು. ಗೋಲುಗಳು ಹೆಚ್ಚಿದವು. ಆಗ ಲಂಡನ್ನಿನ ಆರ್ಸೆನಲ್ ತಂಡದ ಹರ್ಬರ್ಟ್ ಚಾಪ್ಮನ್ ಮೊದಲಾದವರು ನಡುವಿನ ಆಟಗಾರನನ್ನು ಹಿಂದಕ್ಕೆ ಕರೆದು ಗೋಲಿನ ಮುಂದೆ ನಿಲ್ಲಿಸಿದರು. ಉಳಿದವನನ್ನು ಹಿಂದೆ ನಿಲ್ಲಿಸುವ ಪದ್ಧತಿ ನಮ್ಮ ಶಾಲೆಯ ಬಯಲಿನದು; ಆಟವನ್ನು ಅರಿತವರು ತಿಳಿದವನನ್ನೇ ಹಿಂದೆ ನಿಲ್ಲಿಸುವರು.

ಆದರೂ ಹೆಸರು ಗೋಲು ಹೊಡೆದವನ ಪಾಲಿಗೇ ಬರುವುದು. 1948ರ ಜುಲೈ 31ರಂದು ಲಂಡನ್ನಿನ ಬಳಿಯ ಇಲ್ಫರ್ಡಿನಲ್ಲಿ ಸ್ವತಂತ್ರ ಭಾರತದ ತಂಡ ಒಲಿಂಪಿಕ್ ಕೂಟದಲ್ಲಿ ಫ್ರಾನ್ಸಿನೊಡನೆ ಆಡಿತು. ನಮ್ಮವರಲ್ಲಿ ಬಹುಮಂದಿ ಬರಿಗಾಲಿನವರು. 2-1ರಿಂದ ಸೋತರೂ ಆ ಒಂದು ಗೋಲನ್ನು ಹೊಡೆದ ಬೆಂಗಳೂರಿನ ಎಸ್. ರಾಮನ್ ಅವರ ಹೆಸರು ಕಾಲ್ಚೆಂಡಿನ ಚರಿತ್ರೆಯಲ್ಲಿ ನಿಂತಿತು. ಕೊನೆಯ ನಿಮಿಷಗಳವರೆಗೂ ಫ್ರಾನ್ಸನ್ನು ಒಂದೇ ಗೋಲಿಗೆ ತಡೆದಿಟ್ಟ ಹಿಂಬದಿಯವರ ಹೆಸರು ಎಷ್ಟು ಮಂದಿಗೆ ಗೊತ್ತು?

ಇಂತಹ ಒಬ್ಬ ರಕ್ಷಕನ ವೃತ್ತಾಂತವನ್ನು ಹೇಳುವೆನು. ಈತ ಇಂಗ್ಲೆಂಡಿನಲ್ಲಿ ಹುಟ್ಟಿ, ತನ್ನ ಹೆಸರನ್ನು ನಮ್ಮ ಬೆಂಗಳೂರಿನಲ್ಲಿ ಸಂಪಾದಿಸಿದವರು. ಹೆಸರು ಜಾನ್ ಜಾನ್ಸನ್. 1988ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಈಶಾನ್ಯ ಭಾಗದ ಮಿಡಲ್ಸ್‌ಬರೋದಲ್ಲಿ ಜನನ. ಕಬ್ಬಿಣ, ಉಕ್ಕಿನ ಕಾರ್ಖಾನೆಗಳಿಂದ ಬೆಳೆದ ಊರದು. ಊರಿನ ಹೆಸರಿನ ತಂಡವೇ ಅವರಿಗೆ ಪಾಠಶಾಲೆಯಾಯಿತು. ಆ ದೇಶದ ದೊಡ್ಡ ತಂಡಗಳು ಬಾಲಕರನ್ನು ಒಂಬತ್ತರ ವಯಸ್ಸಿನಲ್ಲಿಯೇ ತಮ್ಮ ತರಬೇತಿಗೆ ಸೇರಿಸಿಕೊಳ್ಳುವುವು. ಹದಿನಾರಕ್ಕೆ ಕೆಲವರನ್ನು ಉಳಿಸಿಕೊಂಡು ಮಿಕ್ಕವರನ್ನು ಮನೆಗೆ ಕಳುಹಿಸುವುವು. ಹದಿನೆಂಟರ ಹೊತ್ತಿಗೆ ಮತ್ತೊಮ್ಮೆ ಜಾಲಿಸುವುವು. ಅಕ್ಕಿಯನ್ನು ಕೇರುವ ಹೆಂಗಸಿಗಾದರೂ ನುಚ್ಚನ್ನು ಒಂದು ಕಡೆ ಎತ್ತಿಡುವ ಕರುಣೆಯುಂಟು. ಈ ಮೊರದಿಂದ ಉದುರಿದ ಹುಡುಗರು ತಮ್ಮ ದಾರಿಯನ್ನು ತಾವೇ ಹುಡುಕಿಕೊಳ್ಳಬೇಕು.

ಜಾನ್ಸನ್ನರು ಆ ಜರಡಿಗಳನ್ನೆಲ್ಲ ದಾಟಿದರು. ಆದರೆ ಮೇಲಿನ ಅಂತಸ್ತಿನಲ್ಲಿ ನೆಲೆನಿಲ್ಲಲಿಲ್ಲ. ಇಂಗ್ಲೆಂಡಿನ ವೃತ್ತಿಪರ ಆಟ ನಾಲ್ಕು ಅಂತಸ್ತಿನ ಮನೆ. ಮೇಲಿನದರಲ್ಲಿ 20 ತಂಡಗಳು, ಕೆಳಗಿನ ಮೂರರಲ್ಲಿ ಇಪ್ಪತ್ತನಾಲ್ಕರಂತೆ 72, ಒಟ್ಟು 92. ಜಾನ್ಸನ್ನರು ಮೊದಲು ಎರವಲಿನ ಮೇಲೂ, 2010ರಿಂದ ಕಾಯಮ್ಮಾಗಿಯೂ ನಾಲ್ಕನೆಯ ಅಂತಸ್ತಿನ ನಾರ್ಥಾಂಪ್ಟನ್ ಟೌನ್ ತಂಡಕ್ಕೆ ಇಳಿದರು. ನಾರ್ಥಾಂಪ್ಟನ್ ಪಾದರಕ್ಷೆಗಳನ್ನು ಹೊಲಿಯುವ ಕಸಬಿಗೆ ಪ್ರಸಿದ್ಧವಾದ ಊರು. ತಂಡದ ಅಡ್ಡಹೆಸರು ಸಹ ಅದರಿಂದಲೇ ಬಂದುದು. ಅಲ್ಲಿಯೂ ಸಂತೋಷದ ದಿನಗಳಿಲ್ಲದಿರಲಿಲ್ಲ. 2010ರ ಸೆಪ್ಟೆಂಬರಿನಲ್ಲಿ ಈ ಪುಟ್ಟ ತಂಡ ಲಿವರ್‌ಪೂಲಿನಂತಹ ಮಹಾತಂಡವನ್ನು ಅದರ ಸ್ವಂತ ಮೈದಾನದಲ್ಲಿಯೇ ಪೆನಾಲ್ಟಿ ಹೊಡೆತಗಳಲ್ಲಿ ಸೋಲಿಸಿತು. ಆದರೆ 2013ರ ಮೇ ತಿಂಗಳಲ್ಲಿ ಮೇಲಿನ ಅಂತಸ್ತಿಗೆ ಏರುವ ಅಂತಿಮ ಪಂದ್ಯದಲ್ಲಿ ಬ್ರಾಡ್‌ಫರ್ಡ್ ತಂಡದ ಎದುರು 3-0ರಿಂದ ಸೋತಿತು. ಆ ಬೇಸಿಗೆಯಲ್ಲಿ ಜಾನ್ಸನ್ನರು ನಾರ್ಥಾಂಪ್ಟನ್ನನ್ನು ಬಿಟ್ಟರು. ವಯಸ್ಸು ಇಪ್ಪತ್ತನಾಲ್ಕು.

ಸರಿಯಾಗಿ ಆಗಲೇ ಬೆಂಗಳೂರಿನಲ್ಲಿ ಹೊಸದೊಂದು ತಂಡ ಹುಟ್ಟುತ್ತಿತ್ತು. 2013ರ ಜುಲೈ ತಿಂಗಳಲ್ಲಿ ಬೆಂಗಳೂರು ಎಫ್.ಸಿ. ಸ್ಥಾಪನೆಯಾಯಿತು. ಅದರ ಮೊದಲ ಗುರು ಆಶ್ಲಿ ವೆಸ್ಟ್‌ವುಡ್ ಎಂಬ ಇಂಗ್ಲಿಷರು. ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಬಾಲಕರ ಪಾಳೆಯದಲ್ಲಿ ಬೆಳೆದು, ಅನಂತರ ಕೆಳಗಿನ ಅಂತಸ್ತುಗಳ ಹಲವು ತಂಡಗಳಲ್ಲಿ ಹಿಂದೆ ನಿಂತು ಆಡಿದವರು. ರಕ್ಷಕನಾಗಿ ಬಾಳಿದವನು ಹೊಸ ಮನೆ ಕಟ್ಟುವಾಗ ಅಡಿಗಲ್ಲನ್ನೇ ಮೊದಲು ನೋಡುವನಷ್ಟೆ. ಅವರು ಜಾನ್ಸನ್ನರನ್ನು ಕರೆಸಿಕೊಂಡರು. ಕೆನ್ಯಾ ದೇಶದ ಕರ್ಟಿಸ್ ಒಸಾನೊ ಎಂಬ ಇನ್ನೊಬ್ಬ ರಕ್ಷಕರೂ ಜತೆಗೂಡಿದರು. ಮುಂದಾಳಾಗಿ ಸುನಿಲ್ ಛೇತ್ರಿ ಇದ್ದರು. ಹುಟ್ಟಿದ ವರ್ಷವೇ, 2014ರ ಏಪ್ರಿಲಿನಲ್ಲಿ, ಈ ತಂಡ ಗೋವೆಯಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಅಂದಿನ ರಾಷ್ಟ್ರೀಯ ಪಂದ್ಯಾವಳಿಯಾದ ಐ-ಲೀಗನ್ನು ಗೆದ್ದುಕೊಂಡಿತು. ತನ್ನ ದೇಶದ ನಾಲ್ಕನೆಯ ಅಂತಸ್ತಿನಿಂದ ಬಂದವರು ಹತ್ತು ತಿಂಗಳು ತುಂಬುವ ಮೊದಲೇ ಇನ್ನೊಂದು ದೇಶದ ಮೊದಲನೆಯ ಅಂತಸ್ತಿನ ವಿಜಯಿಯಾದರು.

ರಕ್ಷಕನ ಬಾಳು ಎಂತಹುದೆಂಬುದನ್ನು ತಿಳಿಯಲು ಮುಂದಿನ ವರ್ಷದ ಒಂದು ಸಂಜೆಯೇ ಸಾಕು. 2015ರ ಮೇ 31. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ. ವರ್ಷದ ಕೊನೆಯ ಪಂದ್ಯ. ಎದುರಿಗೆ ಕೊಲ್ಕತ್ತೆಯ ಮೋಹನ್ ಬಗಾನ್. ಬೆಂಗಳೂರಿಗೆ ಗೆಲವೇ ಬೇಕು; ಬಗಾನಿಗೆ ಸಮವಾದರೂ ಪ್ರಶಸ್ತಿ ದಕ್ಕುವುದು. ನಲವತ್ತೊಂದನೆಯ ನಿಮಿಷದಲ್ಲಿ ಬೆಂಗಳೂರಿಗೆ ಗೋಲು ಬಂದಿತು, ತಂದವರು ಯಾರು? ಹಿಂದೆ ನಿಲ್ಲುವ ಜಾನ್ಸನ್ನರೇ! ಪ್ರಶಸ್ತಿ ಮತ್ತೆ ಬೆಂಗಳೂರಿನದೆಂದೇ ನೆರೆದವರ ನಂಬಿಕೆ. ಎಂಬತ್ತೇಳನೆಯ ನಿಮಿಷ. ಮೂಲೆಯಿಂದ ಬಂದ ಚೆಂಡಿಗೆ ಬಗಾನಿನ ಬೆಲ್ಲೊ ರಜಾಕ್ ತಲೆ ಕೊಟ್ಟರು. ಪಂದ್ಯ ಸಮವಾಯಿತು, ಪ್ರಶಸ್ತಿ ಕೊಲ್ಕತ್ತೆಗೆ ಹೋಯಿತು. ಬೆಲ್ಲೊ ಸಹ ಒಬ್ಬ ರಕ್ಷಕರೇ. ಇಡೀ ವರ್ಷದ ದುಡಿಮೆಯನ್ನು ಅಂದು ತೂಗಿದ ತಕ್ಕಡಿಯ ಎರಡು ತಟ್ಟೆಗಳಲ್ಲಿಯೂ ಹಿಂದೆ ನಿಲ್ಲುವವರೇ ಇದ್ದರು. ತೊಂಬತ್ತು ನಿಮಿಷದ ಎಚ್ಚರದಲ್ಲಿ ಎಂಬತ್ತಾರನ್ನು ಕಾಯ್ದು ಒಂದನ್ನು ಕಳೆದುಕೊಂಡರೆ ಲೋಕವು ಆ ಒಂದನ್ನೇ ಎಣಿಸುವುದು.

ಸೋತವರು ಚೀಲ ಕಟ್ಟಿ ಹೊರಡಲಿಲ್ಲ. 2016ರ ಏಪ್ರಿಲಿನಲ್ಲಿ ಅದೇ ಕಂಠೀರವದಲ್ಲಿ ಸಾಲ್ಗಾಂವಕರ್ ತಂಡವನ್ನು 2-0ರಿಂದ ಗೆದ್ದು ಐ-ಲೀಗನ್ನು ಮರಳಿ ಪಡೆದರು. ಅದೇ ವರ್ಷದ ನವೆಂಬರಿನಲ್ಲಿ ಏಷ್ಯಾ ಖಂಡದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೇರಿದ ಮೊದಲ ಭಾರತೀಯ ತಂಡವೆಂಬ ಕೀರ್ತಿ ಬೆಂಗಳೂರಿಗೆ ಸಂದಿತು. ದೋಹಾ ನಗರದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ ಒಂದೇ ಗೋಲಿನಿಂದ ಸೋತಿತೆಂಬುದು ಬೇರೆ ಮಾತು. 2015 ಮತ್ತು 2017ರ ಫೆಡರೇಷನ್ ಕಪ್ಪು, 2018ರ ಸೂಪರ್ ಕಪ್ಪು ಸಹ ಬಂದವು. ಐದು ವರ್ಷಗಳ ತರುವಾಯ, 2018ರಲ್ಲಿ, ಜಾನ್ಸನ್ನರು ಕೊಲ್ಕತ್ತೆಯ ಎ.ಟಿ.ಕೆ. ತಂಡವನ್ನು ಸೇರಿದರು.

ಈ ವೃತ್ತಾಂತದಿಂದ ಗೃಹಸ್ಥರು ತಿಳಿಯತಕ್ಕುದೇನು? ಮಗನು ಆಟವನ್ನೇ ವೃತ್ತಿಯಾಗಿ ಹಿಡಿಯುವೆನೆಂದರೆ ತಂದೆಯ ಎದೆ ಹೆದರುವುದು ಸಹಜ. ಆ ಹೆದರಿಕೆಗೆ ಕಾರಣವೂ ಉಂಟು. ಇಂಗ್ಲೆಂಡಿನಂತಹ ಆಟದ ತವರಿನಲ್ಲಿಯೇ ನುರಿತ ಆಟಗಾರನೊಬ್ಬನು ಇಪ್ಪತ್ತನಾಲ್ಕಕ್ಕೆ ಬೇರೆ ಆಸರೆಯನ್ನು ಹುಡುಕಬೇಕಾಗುವುದು. ಒಪ್ಪಂದದ ಕಾಗದ ಒಂದೆರಡು ವರ್ಷದ್ದು. ಮೊಣಕಾಲು ಮುರಿದರೆ ಅದೂ ಇಲ್ಲ. ಆದುದರಿಂದ ಆಟದೊಡನೆ ವಿದ್ಯೆಯೂ ನಡೆಯಬೇಕು. ಇದಕ್ಕೆ ದೃಷ್ಟಾಂತ ದೂರದಲ್ಲಿಲ್ಲ. ಮೇಲೆ ಹೇಳಿದ 1948ರ ತಂಡದ ನಾಯಕರು ನಾಗಾ ಬೆಟ್ಟಗಳ ತಾಲಿಮೆರೆನ್ ಆವ್. ಅವರೂ ಹಿಂದೆ ನಿಂತು ತಡೆಯುವವರೇ. ಮೋಹನ್ ಬಗಾನಿಗೆ ಆಡುತ್ತಲೇ ಕೊಲ್ಕತ್ತೆಯಲ್ಲಿ ವೈದ್ಯವಿದ್ಯೆಯನ್ನು ಓದಿ ಮುಗಿಸಿ, ಆಟದ ದಿನಗಳು ತೀರಿದ ಮೇಲೆ ತಮ್ಮ ನಾಡಿಗೆ ಮರಳಿ ರೋಗಿಗಳ ಸೇವೆಯಲ್ಲಿ ಬಾಳನ್ನು ಸವೆಸಿದರು.

ಇನ್ನೊಂದು ಎಚ್ಚರಿಕೆಯನ್ನು ತಾಯಂದಿರು ಮುಖ್ಯವಾಗಿ ಕೇಳಬೇಕು. ರಕ್ಷಕನು ಎತ್ತರದಿಂದ ಬರುವ ಚೆಂಡನ್ನು ಪದೇ ಪದೇ ತಲೆಯಿಂದ ಹೊಡೆಯಬೇಕಾಗುವುದು. ಗ್ಲಾಸ್ಗೋ ವಿಶ್ವವಿದ್ಯಾಲಯದ ವೈದ್ಯರು ಸ್ಕಾಟ್ಲೆಂಡಿನ ಹಳೆಯ ವೃತ್ತಿಪರ ಆಟಗಾರರು ಏಳು ಸಾವಿರಕ್ಕೂ ಮೇಲ್ಪಟ್ಟವರ ದಾಖಲೆಗಳನ್ನು ಪರಿಶೀಲಿಸಿ, ಮರೆವು ಮೊದಲಾದ ಮಿದುಳಿನ ಕ್ಷಯರೋಗಗಳಿಂದ ಸಾಯುವುದು ಅವರಲ್ಲಿ ಉಳಿದ ಜನರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚೆಂದು 2019ರಲ್ಲಿ ಪ್ರಕಟಿಸಿದರು. 2021ರಲ್ಲಿ ಇನ್ನಷ್ಟು ವಿವರ ಹೊರಬಂದಿತು. ಇಂತಹ ರೋಗಗಳ ಅಪಾಯ ರಕ್ಷಕರಲ್ಲಿ ಎಲ್ಲರಿಗಿಂತ ಹೆಚ್ಚು, ಸುಮಾರು ಐದು ಪಟ್ಟು. ಕೈಯಿಂದ ಚೆಂಡು ಹಿಡಿಯುವ ಗೋಲ್‌ಕೀಪರರಲ್ಲಿ ಸಾಮಾನ್ಯರಷ್ಟೇ. ಈ ಕಾರಣದಿಂದ 2020ರಲ್ಲಿಯೇ ಇಂಗ್ಲೆಂಡು ಮತ್ತು ಸ್ಕಾಟ್ಲೆಂಡಿನ ಕಾಲ್ಚೆಂಡು ಸಂಸ್ಥೆಗಳು ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳಿಗೆ ಅಭ್ಯಾಸದ ವೇಳೆಯಲ್ಲಿ ತಲೆಯಿಂದ ಚೆಂಡು ಹೊಡೆಸಕೂಡದೆಂದು ಸೂಚಿಸಿದವು. ನಮ್ಮ ಊರಿನ ಬಯಲಿನಲ್ಲಿಯೂ ಇದನ್ನು ಪಾಲಿಸಲು ಕಾಸಿನ ಖರ್ಚಿಲ್ಲ. ಉಪಾಧ್ಯಾಯರಿಗೆ ಒಂದು ಮಾತು ವಿನಯದಿಂದ ಹೇಳಿದರೆ ಸಾಕು. ತಲೆಗೆ ಪೆಟ್ಟು ಬಿದ್ದ ಮಗುವನ್ನು ಅಂದು ಮತ್ತೆ ಆಟಕ್ಕೆ ಬಿಡದಿರುವುದೂ ವಿವೇಕವೇ.

ಇಷ್ಟನ್ನು ನೋಡಿಕೊಂಡ ಮೇಲೆ ಮಗನು ಹಿಂದೆಯೇ ನಿಲ್ಲಲಿ, ನಿಶ್ಚಿಂತೆಯಾಗಿ ನಿಲ್ಲಲಿ. ಆಟ ಮುಗಿಸಿ ಬಂದವನನ್ನು "ಎಷ್ಟು ಗೋಲು ಹೊಡೆದೆ?" ಎಂದು ಕೇಳುವ ವಾಡಿಕೆಯನ್ನು ಬಿಟ್ಟು, "ಎಷ್ಟನ್ನು ತಡೆದೆ?" ಎಂದು ಕೇಳಿ ನೋಡಿರಿ. ಅವನು ಹೇಳುವುದಕ್ಕೆ ಬಹಳವಿರುವುದು. ಅದುವರೆಗೆ ಯಾರೂ ಕೇಳಿರಲಾರರು.

ಅಡಕೆಯ ತೋಟವಿರುವ ನಮ್ಮವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಮಳೆ ಹಿಡಿಯುವ ಮೊದಲೇ ಮರವೇರಿ ಕೊನೆಗಳಿಗೆ ಕೊಟ್ಟೆ ಕಟ್ಟುವವನು, ಔಷಧ ಹೊಡೆಯುವವನು ಒಂದು ಕಾಯನ್ನೂ ಹೊಸದಾಗಿ ಬೆಳೆಯುವುದಿಲ್ಲ. ಅವನು ಕೊಳೆರೋಗವನ್ನು ತಡೆಯುತ್ತಾನೆ, ಅಷ್ಟೆ. ಸಾಗರದ ಪೇಟೆಯಲ್ಲಿ ಅಡಕೆ ತೂಗುವಾಗ ಅವನ ಹೆಸರನ್ನು ಯಾರೂ ಎತ್ತುವುದಿಲ್ಲ. ಆದರೆ ಅವನು ಬಾರದ ವರ್ಷ ತೋಟದ ಬುಡದಲ್ಲಿ ಉದುರಿ ಬಿದ್ದುದನ್ನು ಎಣಿಸಿದ ಯಜಮಾನನಿಗೆ ಅವನ ಬೆಲೆ ಪೈಸೆಪೈಸೆಯಾಗಿ ಗೊತ್ತಿರುತ್ತದೆ.