ಆಮೆಚಿಪ್ಪು ಬೇಡ, ತೆಂಗಿನ ಚಿಪ್ಪು ಸಾಕು

ಹೊಸೂರಿನ ಮನೆಗಳಲ್ಲಿ ಗಿಟಾರ್ ಹಿಡಿದ ಮಕ್ಕಳು ಈಗ ಅಪರೂಪವಲ್ಲ. ಅವರಲ್ಲಿ ಯಾರಾದರೂ ಜಾಂಗೋ ರೈನ್‌ಹಾರ್ಟನ (1910–1953) ಜಿಪ್ಸಿ ಜಾಝ್ ಕೇಳಿ ಮರುಳಾದರೆ, ಮೊದಲು ಎದುರಾಗುವ ತೊಡಕು ತಂತಿ ಮೀಟುವ ಪಿಕ್‌ನದು. 1934ರಲ್ಲಿ ಪ್ಯಾರಿಸಿನಲ್ಲಿ ರೂಪುಗೊಂಡ ಆತನ ವಾದ್ಯವೃಂದದಲ್ಲಿ ತಂತಿವಾದ್ಯಗಳೇ ಇದ್ದವು, ತಾಳವಾದ್ಯವಿರಲಿಲ್ಲ. ಲಯದ ಭಾರವನ್ನು ಗಿಟಾರುಗಳೇ ಹೊರಬೇಕಿತ್ತು. ಆದ್ದರಿಂದ ಬಾಗುವ ತೆಳು ಪ್ಲಾಸ್ಟಿಕ್ ಪಿಕ್ ಈ ಶೈಲಿಗೆ ಒದಗದು. ಸುಮಾರು 2ರಿಂದ 5 ಮಿಲಿಮೀಟರ್ ದಪ್ಪದ, ಬಾಗದಂಥದು ಬೇಕು.

ಹಿಂದೆ ಆಮೆಚಿಪ್ಪಿನ ಪಿಕ್ ಶ್ರೇಷ್ಠವೆನಿಸಿತ್ತು. ಅದು ಹಾಕ್ಸ್‌ಬಿಲ್ ಎಂಬ ಕಡಲಾಮೆಯ ಚಿಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಆ ಪ್ರಾಣಿ ಸೇರಿದೆ. ಅದರ ಚಿಪ್ಪಿನ ವ್ಯಾಪಾರಕ್ಕೆ 3ರಿಂದ 7 ವರ್ಷಗಳ ಸೆರೆವಾಸ ಕಾದಿದೆ. ‘ಹಳೆಯ ಸಾಮಾನು, ತೊಂದರೆಯಿಲ್ಲ’ ಎಂಬ ಮಾರಾಟಗಾರನ ಮಾತನ್ನು ನಂಬಿ ಮಕ್ಕಳಿಗೆ ಅದನ್ನು ತರಿಸಿಕೊಡಬಾರದು.

ತೆಂಗಿನ ಚಿಪ್ಪು ಮನೆಯಲ್ಲೇ ಇದೆ. ರಾಜೀವ ತಾರಾನಾಥರು ನುಡಿಸಿದ ಸರೋದಿಗೆ ವಾಡಿಕೆಯಾಗಿ ಬಳಸುವ ‘ಜವಾ’ ಕೂಡ ಅದರದೇ. ಬಲಿತ ಕಾಯಿಯ ಬಿರುಕಿಲ್ಲದ ತುಂಡನ್ನು ಆರಿಸಿ, ನಾರು ಕೆರೆದು, ಒರಟು ಉಪ್ಪುಕಾಗದದಿಂದ ಆಕಾರಕ್ಕೆ ತಂದು, ಬಳಿಕ ನಯವಾದುದರಿಂದ ಅಂಚನ್ನು ಹೊಳೆಯುವಂತೆ ಉಜ್ಜಬೇಕು. ಅಂಚಿನಲ್ಲಿ ಕೂದಲೆಳೆಯಷ್ಟು ಒರಟು ಉಳಿದರೂ ತಂತಿ ಕರಕರ ಎನ್ನುತ್ತದೆ. ನುಡಿಸುತ್ತ ಹೋದಂತೆ ಒಂದು ಮಗ್ಗುಲು ಓರೆಯಾಗಿ ಸವೆಯುತ್ತದೆ. ಆ ಓರೆ ವಾದಕನ ಕೈಯೇ ಕೆತ್ತಿದ್ದು, ಅದನ್ನು ಅಳಿಸದೆ ಒರಟನ್ನಷ್ಟೇ ತೆಗೆಯಬೇಕು. ಎಣ್ಣೆ ಸವರುವವರು ಒಣಬಟ್ಟೆಯಿಂದ ಚೆನ್ನಾಗಿ ಒರೆಸಲಿ. ಇಲ್ಲವಾದರೆ ಪಿಕ್ ಜಾರಿ ಗಿಟಾರಿನ ಹೊಟ್ಟೆಯೊಳಗೆ ಬೀಳುತ್ತದೆ.