ಉಡುಪಿಯ ಹೋಟೆಲು: ಹೆಸರು ಉಳಿದರೆ ಸಾಲದು

ಉಡುಪಿಯ ಹೋಟೆಲು ಉದ್ಯಮ ಬೆಳೆದದ್ದು ಶ್ರೀಕೃಷ್ಣ ಮಠದ ಆಸುಪಾಸಿನಲ್ಲಿ. ರಥಬೀದಿ ಪರಿಸರದ ಸಸ್ಯಾಹಾರಿ ಹೋಟೆಲುಗಳ ಗೋಳಿಬಜೆ, ಮಸಾಲೆದೋಸೆಗಳಿಗೆ ಯಾತ್ರಿಕರು ದೊಡ್ಡ ಆಧಾರವಾಗಿದ್ದರು. ಈ ಸೀಮೆಯಿಂದ ಹೋದ ಕೆ. ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಆರಂಭಿಸಿದರು. ಅಂಥವರಿಂದ ಊರಿನ ಹೆಸರೇ ವ್ಯಾಪಾರಮುದ್ರೆಯಾಯಿತು. 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಸ್ಥಾಪನೆಯಾದ ಬಳಿಕ ಹೊರನಾಡಿನ ವಿದ್ಯಾರ್ಥಿಗಳು ಬಂದರು. ಕಾಲಕ್ರಮದಲ್ಲಿ ಉತ್ತರ ಭಾರತದ ಊಟ, ಚೈನೀಸ್ ಖಾದ್ಯ, ಕೆಫೆಗಳೂ ಬಂದವು. ಮೀನೂಟದ ಹೋಟೆಲುಗಳೂ ಪ್ರವಾಸಿಗರನ್ನು ಸೆಳೆದವು.

ಈ ವೈವಿಧ್ಯ ಸ್ವಾಗತಾರ್ಹ. ಆದರೆ ಹಳೆಯ ಸಣ್ಣ ಹೋಟೆಲುಗಳ ಸ್ಥಿತಿ ಚಿಂತಾಜನಕ. 2017ರ ನವೆಂಬರ್‌ನಿಂದ ಸಾಮಾನ್ಯ ಹೋಟೆಲುಗಳಿಗೆ ಜಿಎಸ್‌ಟಿ ಶೇ. 5ಕ್ಕೆ ಇಳಿಯಿತಾದರೂ, ಖರೀದಿಯಲ್ಲಿ ತೆತ್ತ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಸೌಲಭ್ಯ ತಪ್ಪಿತು. ಅಡುಗೆಮನೆಯ ಯಂತ್ರಗಳು, ಆನ್‌ಲೈನ್ ಸಂಸ್ಥೆಗಳ ಕಮಿಷನ್ ಇವುಗಳ ಮೇಲಿನ ತೆರಿಗೆಯೆಲ್ಲ ವೆಚ್ಚಕ್ಕೇ ಸೇರುತ್ತದೆ. ಜತೆಗೆ ನುರಿತ ಅಡುಗೆಯವರ ಅಭಾವ.

ತೆರಿಗೆ ವಜಾ ಸಹಿತವಾದ ದರವನ್ನು ಆಯ್ದುಕೊಳ್ಳುವ ಅವಕಾಶವನ್ನು ಸರಕಾರ ಸಣ್ಣ ಹೋಟೆಲುಗಳಿಗೂ ನೀಡಬೇಕು. ಸಾಂಪ್ರದಾಯಿಕ ಅಡುಗೆಯಲ್ಲಿ ಯುವಕರಿಗೆ ತರಬೇತಿ ಕೊಡುವ ಹೊಣೆಯನ್ನು ಉದ್ಯಮವೇ ಹೊರಬೇಕು. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಮಟ್ಟುಗುಳ್ಳದ ಹುಳಿ ಇಲ್ಲಿನ ಊಟದೆಲೆಯಲ್ಲೇ ದೊರೆಯಬೇಕು. ಉಡುಪಿಯ ರುಚಿ ಪರಊರಿನ ನಾಮಫಲಕಗಳಲ್ಲಷ್ಟೇ ಉಳಿದರೆ ನಷ್ಟ ಉಡುಪಿಗೇ.